ಕರಾವಳಿಯ ಮನೆಗೆ ಬಾತ್‌ರೂಮ್ ನವೀಕರಣ: ಯಾವ ದಾರಿ, ಎಷ್ಟು ಖರ್ಚು, ಹಣ ಎಲ್ಲಿಗೆ ಮೊದಲು?

ಮಂಗಳೂರು, ಉಡುಪಿ ಕಡೆ ಬಾತ್‌ರೂಮ್ ಹೊಸದು ಮಾಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಹೆದ್ದಾರಿ ಬದಿಯ ಶೋರೂಮಿನಲ್ಲಿ ಆಳೆತ್ತರದ ಸ್ಲಾಬುಗಳ ಎದುರು ನಿಂತು ಬಣ್ಣ ಆರಿಸಿ, ಚದರ ಅಡಿಯ ದರ ಕೇಳಿ, ಅದರ ಮೇಲೆ ಒಟ್ಟು ಖರ್ಚಿನ ಅಂದಾಜು ಕಟ್ಟುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಪೂರ್ತಿ ಒಡೆದು ಮಾಡುವ ಬಾತ್‌ರೂಮಿನಲ್ಲಿ ಟೈಲ್ಸ್ ಖರೀದಿಗೆ ಹೋಗುವುದು ಒಟ್ಟು ಹಣದ ಹತ್ತನೇ ಒಂದು ಪಾಲಿನ ಆಸುಪಾಸು ಮಾತ್ರ. ಸುಮಾರು ಅರ್ಧದಷ್ಟು ಹಣ ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಕಡೆ ಹೋಗುತ್ತದೆ: ಪೈಪು, ವಾಟರ್‌ಪ್ರೂಫಿಂಗ್, ನೆಲದ ಇಳಿಜಾರು, ವಯರಿಂಗ್. ನಮ್ಮ ಊರಿನಲ್ಲಿ ಬಾತ್‌ರೂಮ್ ಉಳಿಯುವುದೂ ಹಾಳಾಗುವುದೂ ಈ ಅರ್ಧದಿಂದಲೇ.

ಬೆಂಗಳೂರಿನ ಮನೆಗೆ ಬರೆದ ಸಲಹೆ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಅಲ್ಲಿ ವರ್ಷಕ್ಕೆ ಸುಮಾರು ಸಾವಿರ ಮಿ.ಮೀ. ಮಳೆ, ಇಲ್ಲಿ ಮೂರೂವರೆ ಸಾವಿರಕ್ಕೂ ಮಿಕ್ಕಿ, ಅದೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿ ಬೋರ್‌ವೆಲ್ಲಿನ ಗಡಸು ನೀರು ನಲ್ಲಿಯ ಮೇಲೆ ಬಿಳಿ ಪದರ ಕಟ್ಟುತ್ತದೆ. ಇಲ್ಲಿ ಮುರಕಲ್ಲು (ಲ್ಯಾಟರೈಟ್ ಎಂಬ ತೂತು ತೂತಾದ ಕೆಂಪು ಕಲ್ಲು) ನೆಲದ ಬಾವಿ ನೀರು ಬಹಳ ಕಡೆ ಮೆದು, ಸ್ವಲ್ಪ ಆಮ್ಲೀಯ, ಕಬ್ಬಿಣದ ಅಂಶವಿದ್ದರೆ ಕಮೋಡಿನೊಳಗೆ ಕೆಂಪು ಗೆರೆ ಎಳೆಯುತ್ತದೆ. ಹಳೆಯ ಮನೆಗಳ ಗೋಡೆಯೂ ಮುರಕಲ್ಲಿನದೇ. ಅದು ನೀರು ಕುಡಿಯುವ ಕಲ್ಲು. ಮಲ್ಪೆ, ಕಾಪು, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಾದರೆ ಉಪ್ಪು ಗಾಳಿಯೂ ಸೇರಿತು. ಮುಂದೆ ಬರುವ ಪ್ರತಿಯೊಂದು ಹೋಲಿಕೆಯನ್ನೂ ಇವುಗಳನ್ನು ಎದುರಿಗಿಟ್ಟುಕೊಂಡೇ ಮಾಡಿದ್ದೇನೆ.

ತೀರ್ಮಾನಕ್ಕೆ ಮೊದಲು ಒಂದು ತಪಾಸಣೆ

ಒಂದು ನಾಣ್ಯವನ್ನೋ ಸ್ಕ್ರೂಡ್ರೈವರಿನ ಹಿಡಿಯನ್ನೋ ತೆಗೆದುಕೊಂಡು ನೆಲದ ಮತ್ತು ಗೋಡೆಯ ಪ್ರತಿ ಟೈಲನ್ನೂ ಮೆಲ್ಲಗೆ ತಟ್ಟಿ. ಗಟ್ಟಿಯಾಗಿ ಕೂತ ಟೈಲು ಮೊಟಕಾಗಿ ಸದ್ದು ಮಾಡುತ್ತದೆ. ಅಡಿ ಟೊಳ್ಳಾದದ್ದು ಡೊಬ್ ಎನ್ನುತ್ತದೆ. ಟೊಳ್ಳು ಟೈಲುಗಳ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕುತ್ತ ಹೋಗಿ. ಆಮೇಲೆ ಬಾತ್‌ರೂಮಿನ ಹೊರಬದಿಯ ಗೋಡೆಗಳನ್ನು ನೋಡಿ. ಪಕ್ಕದ ಕೋಣೆಯ ಪೇಂಟು ಬುಡದಿಂದ ಒಂದೆರಡು ಅಡಿ ಎತ್ತರಕ್ಕೆ ಉಬ್ಬಿದೆಯೇ, ಬಿಳಿ ಉಪ್ಪು ಹೊರಬಂದಿದೆಯೇ, ಕೆಳಗಿನ ಮಹಡಿಯ ಸೀಲಿಂಗಿನಲ್ಲಿ ಹಳದಿ ಕಲೆಯಿದೆಯೇ? ಮಾರ್ಚ್ ತಿಂಗಳ ಒಣ ಬಿಸಿಲಲ್ಲೂ ಆ ಒದ್ದೆ ಆರದಿದ್ದರೆ ಅದು ಮಳೆಯ ಒರತೆಯಲ್ಲ, ಬಾತ್‌ರೂಮಿನದೇ ಸೋರಿಕೆ ಎಂದು ತಿಳಿಯಬಹುದು.

ಪೈಪು ಯಾವುದೆಂದೂ ತಿಳಿದುಕೊಳ್ಳಿ. ಇಪ್ಪತ್ತೈದು, ಮೂವತ್ತು ವರ್ಷ ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಇರುವುದೇ ಹೆಚ್ಚು. ನಮ್ಮ ಆಮ್ಲೀಯ ನೀರು ಅದರ ಸತುವಿನ ಲೇಪವನ್ನು ಒಳಗಿನಿಂದ ತಿನ್ನುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಒಂದು ಚೊಂಬಿನಷ್ಟು ಕಂದು ನೀರು ಬಂದು ಆಮೇಲೆ ತಿಳಿಯಾಗುವುದು, ಒಂದು ನಲ್ಲಿಯಲ್ಲಿ ಮಾತ್ರ ಒತ್ತಡ ಕಡಿಮೆಯಾಗಿರುವುದು ಇದರ ಲಕ್ಷಣ. ಪೈಪು ಈ ಸ್ಥಿತಿಯಲ್ಲಿದ್ದರೆ ಮೇಲ್ಮೇಲಿನ ಯಾವ ರಿಪೇರಿಗೂ ಹಣ ಹಾಕಬೇಡಿ.

ಮೂರು ದಾರಿಗಳು

ಮೊದಲನೆಯದು ತೇಪೆ ಕೆಲಸ. ಟೈಲುಗಳ ಸಂದಿಯ ಹಳೆಯ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ (ನೀರು ಹೀರದ ರಾಳದ ಸಂದಿ ತುಂಬುವ ಸಾಮಾನು) ತುಂಬುವುದು, ನಲ್ಲಿ ಮತ್ತು ಶವರ್ ಬದಲಿಸುವುದು, ಕಮೋಡಿನ ಸೀಟು ಹಾಗೂ ಟ್ಯಾಂಕಿನ ಒಳಭಾಗ ಹೊಸದು ಮಾಡುವುದು, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸುವುದು. ಇಪ್ಪತ್ತರಿಂದ ಮೂವತ್ತು ಸಾವಿರದೊಳಗೆ ಮುಗಿಯುತ್ತದೆ, ಮೂರು ನಾಲ್ಕು ದಿನದ ಕೆಲಸ. ಸೋರಿಕೆಯಿಲ್ಲದ, ಟೈಲು ಗಟ್ಟಿಯಿರುವ, ಬರೀ ಹಳತಾಗಿ ಕಾಣುವ ಬಾತ್‌ರೂಮಿಗೆ ಇಷ್ಟು ಸಾಕು. ಮನೆ ಬಾಡಿಗೆಗೆ ಕೊಡುವವರಿಗೂ, ಎರಡು ಮೂರು ವರ್ಷದಲ್ಲಿ ಇಡೀ ಮನೆಯನ್ನೇ ಹೊಸದು ಮಾಡುವ ಯೋಚನೆಯಿರುವವರಿಗೂ ನಾನು ಹೇಳುವುದು ಇದನ್ನೇ.

ಎರಡನೆಯದು ಟೈಲಿನ ಮೇಲೆ ಟೈಲು. ಒಡೆಯುವ ಸದ್ದಿಲ್ಲ, ಧೂಳಿಲ್ಲ, ಮಣ್ಣು ಸಾಗಿಸುವ ತಲೆಬಿಸಿಯಿಲ್ಲ. ಕಮೋಡು, ನಲ್ಲಿ, ಗೀಸರ್ ಎಲ್ಲ ಸೇರಿಸಿ 85 ಸಾವಿರದ ಆಸುಪಾಸು. ಬಿಜೈ, ಕದ್ರಿ, ಮಣಿಪಾಲದ ಫ್ಲಾಟುಗಳಲ್ಲಿ ಈಗ ಇದನ್ನೇ ಕೇಳುವವರು ಹೆಚ್ಚುತ್ತಿದ್ದಾರೆ. ಆದರೆ ಎರಡು ವಿಷಯ ನೋಡಬೇಕು. ಹೊಸ ಟೈಲು ಮತ್ತು ಅಂಟು ಸೇರಿ ನೆಲ 12ರಿಂದ 15 ಮಿ.ಮೀ. ಏರುತ್ತದೆ. ಬಾಗಿಲ ಅಡಿ ಕತ್ತರಿಸಬೇಕು, ಫ್ಲೋರ್ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಜಾಲರಿಯನ್ನು ಮೇಲಕ್ಕೆ ತರಬೇಕು, ಹೊಸ್ತಿಲು ಮೊದಲೇ ತಗ್ಗಾಗಿದ್ದರೆ ನೀರು ಕೋಣೆಗೆ ಬರುತ್ತದೆ. ಅದಕ್ಕಿಂತ ದೊಡ್ಡದು ಎರಡನೆಯ ವಿಷಯ: ಕೆಳಗಿನ ಸೋರಿಕೆಗೆ ಇದು ಮದ್ದಲ್ಲ. ಸೋರುವ ಬಾತ್‌ರೂಮಿಗೆ ಮೇಲಿನಿಂದ ಟೈಲು ಅಂಟಿಸಿದರೆ ಸೋರಿಕೆ ಸ್ವಲ್ಪ ಕಾಲ ಅಡಗಿ ಕೂರುತ್ತದೆ, ಅಷ್ಟೆ. ಚಾಕ್ ಗುರುತುಗಳು ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಟೈಲುಗಳ ಮೇಲೆ ಬಿದ್ದಿದ್ದರೆ ಈ ದಾರಿ ಬಿಟ್ಟುಬಿಡಿ.

ಮೂರನೆಯದು ಸ್ಲಾಬಿನವರೆಗೆ, ಗೋಡೆಯ ಕಲ್ಲಿನವರೆಗೆ ಪೂರ್ತಿ ಒಡೆದು ಮಾಡುವುದು. ಜಿಐ ಪೈಪು, ಸೋರಿಕೆ, ಇಳಿಜಾರು ತಪ್ಪಿದ ನೆಲ, ವಯಸ್ಸಾದವರಿಗಾಗಿ ಜಾಗದ ಮರುಹೊಂದಿಕೆ, ಇವುಗಳಲ್ಲಿ ಒಂದಿದ್ದರೂ ಇದೇ ಸರಿ. ಖರ್ಚು ಹೆಚ್ಚು, ದಿನವೂ ಹೆಚ್ಚು. ಹದಿನೈದರಿಂದ ಇಪ್ಪತ್ತು ದಿನ ಬಾತ್‌ರೂಮ್ ಇಲ್ಲವೆಂದೇ ಇಟ್ಟುಕೊಳ್ಳಿ.

ಎರಡನೆಯ ಮತ್ತು ಮೂರನೆಯ ದಾರಿಯ ನಡುವೆ ಮನಸ್ಸು ತೂಗಾಡುವುದು ಸಹಜ. ವ್ಯತ್ಯಾಸ ಎಪ್ಪತ್ತೆಂಬತ್ತು ಸಾವಿರದ್ದು. ಆಗ ನೋಡಬೇಕಾದದ್ದು ಒಂದೇ, ಒದ್ದೆ ಇದೆಯೋ ಇಲ್ಲವೋ. ಇದ್ದರೆ ಈಗ ಉಳಿಸಿದ ಹಣ ಎರಡು ಮಳೆಗಾಲದೊಳಗೆ ಹೊಸ ಟೈಲನ್ನೂ ಸೇರಿಸಿ ಒಡೆಯುವ ಕೂಲಿಗೆ ಹೋಗುತ್ತದೆ.

5×8 ಅಡಿಯ ಬಾತ್‌ರೂಮಿನ ಲೆಕ್ಕ

ನಮ್ಮ ಕಡೆ ಸಾಮಾನ್ಯವಾದ 5×8 ಅಡಿಯ ಬಾತ್‌ರೂಮನ್ನೇ ತೆಗೆದುಕೊಳ್ಳಿ. ನೆಲ 40 ಚದರ ಅಡಿ. ಗೋಡೆಯ ಸುತ್ತಳತೆ 26 ಅಡಿ; 7 ಅಡಿ ಎತ್ತರಕ್ಕೆ ಟೈಲು ಹಾಕಿದರೆ 182, ಬಾಗಿಲು ಕಿಟಕಿ ಕಳೆದು ಸುಮಾರು 160. ಒಟ್ಟು 200 ಚದರ ಅಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿ 220 ಖರೀದಿಸಬೇಕು.

ಪೂರ್ತಿ ಒಡೆದು ಮಾಡುವಾಗ ನಾನು ಹಣ ಹಂಚುವುದು ಹೀಗೆ. ಒಡೆದು ಮಣ್ಣು ಸಾಗಿಸಲು 12 ಸಾವಿರ. ಪೈಪು, ಫಿಟ್ಟಿಂಗ್, ಪ್ಲಂಬರ್ ಕೂಲಿ 22 ಸಾವಿರ. ವಾಟರ್‌ಪ್ರೂಫಿಂಗ್ 12 ಸಾವಿರ. ಪ್ಲಾಸ್ಟರು, ನೆಲದ ಕಾಂಕ್ರೀಟು, ಇಳಿಜಾರು 15 ಸಾವಿರ. ಟೈಲ್ಸ್ ಅಂಟು ಮತ್ತು ಗ್ರೌಟ್ 6 ಸಾವಿರ. ವಯರಿಂಗ್ 8 ಸಾವಿರ. ಕಣ್ಣಿಗೆ ಕಾಣದ ಕೆಲಸ ಇಲ್ಲಿಗೇ 75 ಸಾವಿರವಾಯಿತು. ಇನ್ನು ಕಾಣುವವು: ಚದರ ಅಡಿಗೆ 60 ರೂಪಾಯಿಯಂತೆ 220 ಚದರ ಅಡಿ ಟೈಲ್ಸಿಗೆ 13,200, ಕೂರಿಸುವ ಕೂಲಿ 10 ಸಾವಿರ, ಕಮೋಡು, ಬೇಸಿನ್, ನಲ್ಲಿ, ಶವರ್ ಸೇರಿ 30 ಸಾವಿರ, ಗೀಸರ್ 9 ಸಾವಿರ, ಬಾಗಿಲು, ಕಿಟಕಿ, ಎಕ್ಸಾಸ್ಟ್ ಫ್ಯಾನಿಗೆ 12 ಸಾವಿರ. ಒಟ್ಟು 1,49,200. ಒಡೆದ ಮೇಲೆ ಏನು ಹೊರಬೀಳುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ 15 ಸಾವಿರ ತೆಗೆದಿಟ್ಟರೆ 1 ಲಕ್ಷ 65 ಸಾವಿರದ ಹತ್ತಿರ ಬರುತ್ತದೆ.

ಇದು ಮಧ್ಯಮ ದರ್ಜೆಯ ಅಂದಾಜು. ನಿಮ್ಮ ಮೇಸ್ತ್ರಿಯ ದರ ಹೆಚ್ಚು ಕಡಿಮೆ ಇರಬಹುದು, ಹಂಚಿಕೆಯ ಅನುಪಾತ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಇದರಲ್ಲೇ ಇನ್ನೊಂದು ವಿಷಯ ಕಾಣುತ್ತದೆ. ಟೈಲ್ಸಿನಲ್ಲಿ ಚದರ ಅಡಿಗೆ 20 ರೂಪಾಯಿ ಕಡಿಮೆ ಮಾಡಿದರೆ ಉಳಿಯುವುದು 4,400 ಮಾತ್ರ. ಹಣ ನಿಜವಾಗಿ ಹಿಗ್ಗುವುದು ಮತ್ತು ಕುಗ್ಗುವುದು ಕಮೋಡು, ನಲ್ಲಿ, ಶವರಿನ ಸಾಲಿನಲ್ಲಿ. ಅಲ್ಲಿ 15 ಸಾವಿರಕ್ಕೂ ಮುಗಿಸಬಹುದು, 80 ಸಾವಿರವನ್ನೂ ದಾಟಬಹುದು. ಬಜೆಟ್ ಕಮ್ಮಿ ಮಾಡಬೇಕಾದಾಗ ಆ ಸಾಲಿಗೆ ಕೈ ಹಾಕಿ. ಬಹಳ ಮಂದಿ ಮೊದಲು ಕತ್ತರಿ ಹಾಕುವುದು ವಾಟರ್‌ಪ್ರೂಫಿಂಗಿನ 12 ಸಾವಿರಕ್ಕೆ. ಇದನ್ನು ನೋಡುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಶವರ್ ಹಿಡಿಕೆಯನ್ನು ನಾಳೆ ಬದಲಿಸಬಹುದು; ನೆಲದಡಿಯ ಪದರ ಬದಲಿಸಲು ಇಡೀ ಬಾತ್‌ರೂಮ್ ಮತ್ತೆ ಒಡೆಯಬೇಕು.

ನೀರು ತಡೆಯುವ ಪದರ

ಸಿಮೆಂಟಿಗೆ ವಾಟರ್‌ಪ್ರೂಫ್ ಪುಡಿಯನ್ನೋ ದ್ರವವನ್ನೋ ಕಲಸಿ ಪ್ಲಾಸ್ಟರ್ ಮಾಡುವುದು ಹಳೆಯ ಪದ್ಧತಿ. ಅಗ್ಗ, ಆದರೆ ಪ್ಲಾಸ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೂ ನೀರಿಗೆ ದಾರಿಯಾಯಿತು. ಎರಡನೆಯ ಬಗೆ, ಸಿಮೆಂಟ್ ಪುಡಿ ಮತ್ತು ಅಕ್ರಿಲಿಕ್ ಪಾಲಿಮರ್ ದ್ರವ ಎರಡನ್ನೂ ಬೆರೆಸಿ ಬ್ರಶ್ಶಿನಲ್ಲಿ ಬಳಿಯುವ ಪದರ. ಸ್ವಲ್ಪ ಬಾಗುವ ಗುಣ ಇರುವುದರಿಂದ ಸಣ್ಣ ಬಿರುಕುಗಳನ್ನು ತಾಳಿಕೊಳ್ಳುತ್ತದೆ. ನಮ್ಮ ಬಾತ್‌ರೂಮುಗಳಿಗೆ ಇದೇ ಸರಿಯಾದ ಆಯ್ಕೆ. ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನೆಲ ಪೂರ್ತಿ, ಸುತ್ತ ಗೋಡೆಗೆ ಕನಿಷ್ಠ ಒಂದಡಿ, ಶವರಿನ ಗೋಡೆಗೆ ಆರೇಳು ಅಡಿ ಎತ್ತರದವರೆಗೆ. ಮುರಕಲ್ಲಿನ ಗೋಡೆಯಾದರೆ ಕಲ್ಲಿನ ತೂತುಗಳ ಮೇಲೆ ನೇರವಾಗಿ ಬಳಿಯಲು ಬಿಡಬೇಡಿ. ಮೊದಲು ಪ್ಲಾಸ್ಟರ್, ಆಮೇಲೆ ಪದರ. ನೆಲ–ಗೋಡೆ ಸೇರುವ ಮೂಲೆಯನ್ನು ಮೊದಲು ಗಾರೆಯಿಂದ ದುಂಡಗೆ ಮಾಡಿಸಿ, ಫೈಬರ್ ಬಲೆ ಕೂರಿಸಿ ಬಳಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಆ ಮೂಲೆಯಲ್ಲಿ ಮತ್ತು ಪೈಪು ಸ್ಲಾಬನ್ನು ದಾಟುವ ಕುತ್ತಿಗೆಯಲ್ಲಿ.

ಫ್ಲಾಟಿನವರಿಗೆ ಇನ್ನೊಂದು ಮಾತು. ಸುಮಾರು ಒಂದಡಿ ತಗ್ಗಿಸಿದ ಸ್ಲಾಬಿನ ಹೊಂಡಕ್ಕೆ ಪೈಪು ಇಟ್ಟು, ಇಟ್ಟಿಗೆ ಚೂರೋ ಮುರಕಲ್ಲಿನ ಪುಡಿಯೋ ತುಂಬಿ ಮೇಲೆ ಟೈಲು ಹಾಕಿರುತ್ತಾರೆ. ಮೇಲಿನಿಂದ ಒಸರಿದ ನೀರು ಆ ತುಂಬುವಿಕೆಯಲ್ಲಿ ನಿಂತು, ತಿಂಗಳುಗಟ್ಟಲೆ ಕೆಳಗಿನ ಮನೆಯವರ ಸೀಲಿಂಗಿಗೆ ಇಳಿಯುತ್ತದೆ. ಪೂರ್ತಿ ಒಡೆಯುವಾಗ ಹೊಂಡದ ತಳಕ್ಕೊಂದು ಪದರ, ತುಂಬಿಸಿದ ಮೇಲೆ ಟೈಲಿನ ಅಡಿಗೆ ಇನ್ನೊಂದು, ಹೀಗೆ ಎರಡು ಹಂತದಲ್ಲಿ ಮಾಡಿಸಿ. ತುಂಬಿಸಲು ಹಗುರ ಬ್ಲಾಕಿನ ತುಂಡುಗಳು ಒಳ್ಳೆಯವು. ಮುರಕಲ್ಲಿನ ಪುಡಿ ಬೇಡವೇ ಬೇಡ.

ಪದರ ಒಣಗಿದ ಮೇಲೆ ನೀರು ನಿಲ್ಲಿಸುವ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆಯನ್ನು ಫ್ಲೋರ್ ಟ್ರ್ಯಾಪಿಗೆ ಬಿಗಿಯಾಗಿ ತುರುಕಿ, ಬಾಗಿಲಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ತುಂಬಿಸಿ. ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲಿನ ಗೆರೆ. 48 ಗಂಟೆ ಕಳೆದ ಮೇಲೆ ನೋಡಿ. ಆವಿಯಾಗಿ ಸ್ವಲ್ಪ ಇಳಿಯುವುದು ಸರಿ. ಬೆರಳಿನ ಅಗಲ ಇಳಿದಿದ್ದರೆ, ಕೆಳಗಿನ ಸೀಲಿಂಗಿನಲ್ಲಿ ತೇವ ಕಂಡರೆ, ಟೈಲು ಹಾಕಲು ಬಿಡಬೇಡಿ. ಕೆಲಸದವರಿಗೆ ಈ ಎರಡು ದಿನ ಕಾಯುವುದು ಇಷ್ಟವಿರುವುದಿಲ್ಲ. ಕಾಯುವ ದಿನಗಳನ್ನು ಮೊದಲೇ ಒಪ್ಪಂದದಲ್ಲಿ ಸೇರಿಸಿ.

ಟೈಲ್ಸ್: ಯಾವುದು, ಎಷ್ಟು ದೊಡ್ಡದು

ಇಲ್ಲಿ ಮಾರುವ ಟೈಲ್ಸಿನ ದೊಡ್ಡ ಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಹಾಗಾಗಿ ಬ್ರಾಂಡಿಗಿಂತ ಬಗೆ ಮುಖ್ಯ. ಗೋಡೆಯ ಸೆರಾಮಿಕ್ ಟೈಲು ತನ್ನ ತೂಕದ ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೀರು ಹೀರಬಲ್ಲದು; ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ನೆಲಕ್ಕೆ ವಿಟ್ರಿಫೈಡ್, ಗೋಡೆಗೆ ಸೆರಾಮಿಕ್ ಎಂದು ಹಂಚಿದರೆ ಹಣವೂ ಉಳಿಯುತ್ತದೆ, ಕೆಲಸವೂ ಸರಿ. ಒಂದು ಎಚ್ಚರಿಕೆ: ವಿಟ್ರಿಫೈಡ್ ಟೈಲು ನೀರು ಹೀರದ ಕಾರಣಕ್ಕೇ ಬರೀ ಸಿಮೆಂಟ್ ಹಾಲಿನಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಟೈಲ್ಸ್ ಅಂಟು ಬೇಕು, ಚೀಲದ ಮೇಲೆ ಐಎಸ್ 15477 ಇದೆಯೇ ನೋಡಿ. ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ಟೈಲಿಗೆ ಎಳೆಯಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವವರನ್ನು ಅಲ್ಲೇ ತಡೆಯಿರಿ. ಆ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ.

ಗಾತ್ರದ ವಿಷಯದಲ್ಲಿ ಅಂಗಡಿಯ ಮಾತನ್ನು ಅರ್ಧ ಮಾತ್ರ ಕೇಳಿ. 2×4 ಅಡಿಯ ದೊಡ್ಡ ಟೈಲು ಗೋಡೆಗೆ ಚೆನ್ನ, ಸಂದಿ ಕಡಿಮೆ, ಒರೆಸಲು ಸುಲಭ. ನೆಲಕ್ಕೆ ಅದು ಬೇಡ. ಬಾತ್‌ರೂಮಿನ ನೆಲ ಪ್ರತಿ ಅಡಿಗೆ 3ರಿಂದ 4 ಮಿ.ಮೀ. ಇಳಿಯಬೇಕು, ಅಂದರೆ 8 ಅಡಿಗೆ ಒಂದು ಇಂಚಿನಷ್ಟು. ನಾಲ್ಕು ಕಡೆಯಿಂದ ಟ್ರ್ಯಾಪಿನತ್ತ ಇಳಿಜಾರು ಕೊಡಲು 1×1 ಅಡಿಯ ಟೈಲು ಹೇಳಿದಂತೆ ಕೇಳುತ್ತದೆ. ದೊಡ್ಡ ಟೈಲನ್ನು ಕರ್ಣಕ್ಕೆ ಸೀಳದೆ ಹಾಗೆ ಇಳಿಸಲು ಬರುವುದಿಲ್ಲ. ಜಾರದಿರುವ ಗುಣವನ್ನು ಅಳೆಯುವ ‘ಆರ್’ ದರ್ಜೆಯಲ್ಲಿ ಆರ್10 ಸಾಕು. ಇನ್ನೂ ಒರಟಾದದ್ದು ಪಾದಕ್ಕೆ ಹಿಡಿತ ಕೊಡುವುದು ಹೌದಾದರೂ, ನಮ್ಮ ಮಳೆಗಾಲದಲ್ಲಿ ಆ ಒರಟಿನ ಗುಳಿಗಳಲ್ಲಿ ಹಾವಸೆ ಕೂತರೆ ಉಜ್ಜಿ ತೆಗೆಯುವುದು ಕಷ್ಟ, ಆಗ ಅದೇ ಟೈಲು ಜಾರುತ್ತದೆ. ಹೊಳಪಿನ ಟೈಲಂತೂ ನೆಲಕ್ಕೆ ಬೇಡ.

ಬಣ್ಣಕ್ಕೆ ನೀರನ್ನು ಕೇಳಿ. ಬಾವಿಯಲ್ಲಿ ಕಬ್ಬಿಣದ ಅಂಶವಿದ್ದರೆ ಅಚ್ಚ ಬಿಳಿಯ ನೆಲ ಆರು ತಿಂಗಳಲ್ಲೇ ಕಂದಾಗುತ್ತದೆ. ಬೂದು, ತಿಳಿ ಕಂದು, ಮರಳಿನ ಬಣ್ಣ ನಿಭಾಯಿಸಲು ಸುಲಭ. ಕೆಂಪು ಕಲೆಗೆ ಬಾಟಲಿಯ ಕಡು ಆಸಿಡ್ ಸುರಿಯುವ ರೂಢಿ ಸಿಮೆಂಟ್ ಗ್ರೌಟನ್ನು ತಿಂದುಹಾಕುತ್ತದೆ, ನಲ್ಲಿಯ ಕ್ರೋಮನ್ನೂ ಕೆಡಿಸುತ್ತದೆ. ಸಿಟ್ರಿಕ್ ಆಸಿಡಿನ ಪುಡಿ ಕರಗಿಸಿದ ನೀರು ಕಬ್ಬಿಣದ ಕಲೆಗೆ ಸಾಕಾಗುತ್ತದೆ. ನೆಲಕ್ಕೂ ಶವರಿನ ಗೋಡೆಗೂ ಮಾತ್ರ ಎಪಾಕ್ಸಿ ಗ್ರೌಟ್, ಉಳಿದ ಕಡೆ ಸಾಮಾನ್ಯ ಗ್ರೌಟ್ ಎಂದರೆ ಖರ್ಚು ಹಿಡಿತದಲ್ಲಿರುತ್ತದೆ.

ನಲ್ಲಿ ಮತ್ತು ಕಮೋಡು

ಹಿತ್ತಾಳೆಯ ಮೇಲೆ ಕ್ರೋಮ್ ಲೇಪದ ನಲ್ಲಿ, ಸತುವಿನ ಮಿಶ್ರಲೋಹದ ನಲ್ಲಿ, ಪಿಟಿಎಂಟಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ನಲ್ಲಿ, ಅಂಗಡಿಯಲ್ಲಿ ಮೂರೂ ಪಕ್ಕಪಕ್ಕ ಇರುತ್ತವೆ. ಮೊದಲ ಎರಡು ನೋಡಲು ಒಂದೇ; ಕೈಯಲ್ಲಿ ಹಿಡಿದರೆ ಹಿತ್ತಾಳೆಯದು ತೂಕ. ಸತುವಿನದ್ದು ನಮ್ಮ ನೀರಿಗೂ ಗಾಳಿಗೂ ಹೇಳಿದ್ದಲ್ಲ. ಕಡಲಿಗೆ ತೀರಾ ಹತ್ತಿರದ ಮನೆಯಾದರೆ, ಬಕೆಟ್ ತುಂಬಿಸುವ ನಲ್ಲಿಗೂ ಹೊರಗಿನ ನಲ್ಲಿಗೂ ಪಿಟಿಎಂಟಿಯನ್ನೇ ಸಂಕೋಚವಿಲ್ಲದೆ ಹಾಕಿಸಿ, ತುಕ್ಕಿನ ಮಾತೇ ಇಲ್ಲ, ಬೆಲೆಯೂ ನಾಲ್ಕನೇ ಒಂದು ಪಾಲು. ಗೋಡೆಯೊಳಗೆ ಹೂತುಹೋಗುವ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್) ಮಾತ್ರ ಹಿತ್ತಾಳೆಯದೇ ಆಗಬೇಕು, ಅದರ ಕಾರ್ಟ್ರಿಜ್ ನಿಮ್ಮ ಊರಿನ ಅಂಗಡಿಯಲ್ಲೇ ಸಿಗುವಂಥದ್ದಾಗಿರಬೇಕು. ಟವೆಲ್ ಕಂಬಿ, ಸ್ಕ್ರೂ, ಹಿಡಿಕೆಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆ, ಕಡಲ ಬದಿಯಲ್ಲಿ ಸಿಕ್ಕಿದರೆ 316.

ಗೋಡೆಗೆ ತೂಗುಹಾಕುವ ಕಮೋಡು ಈಗ ಎಲ್ಲರ ಆಸೆ. ಅಡಿಯಲ್ಲಿ ಒರೆಸಲು ಸುಲಭ, ನಿಜ. ಆದರೆ ಮುರಕಲ್ಲಿನ ಗೋಡೆ ಅಷ್ಟು ಭಾರ ತಾಳುವುದಿಲ್ಲ, ನೆಲದಿಂದ ಎಬ್ಬಿಸಿದ ಕಬ್ಬಿಣದ ಫ್ರೇಮ್ ಬೇಕು. ಗೋಡೆಯೊಳಗಿನ ಟ್ಯಾಂಕಿನ ವಾಲ್ವಿನಲ್ಲಿ ಕಬ್ಬಿಣದ ಕೆಸರು ಕೂತಾಗ ಕೈ ಹಾಕಲು ಇರುವುದು ಬಟನ್ ಪ್ಲೇಟಿನ ಕಿಂಡಿಯೊಂದೇ. ಬಾವಿ ನೀರಿನ ಮನೆಗೆ ನೆಲದ ಮೇಲೆ ಕೂರುವ, ಹೊರಗೆ ಟ್ಯಾಂಕಿರುವ ಕಮೋಡೇ ನನ್ನ ಆಯ್ಕೆ. ಬೆಲೆಯಲ್ಲೂ ಹತ್ತು ಹದಿನೈದು ಸಾವಿರದ ಅಂತರವಿದೆ.

ವಯಸ್ಸಾದವರು ಇರುವ ಮನೆಯಾದರೆ ಆ ಹಣವನ್ನು ಹಿಡಿಕಂಬಿಗೆ ತಿರುಗಿಸಿ. ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಮುರಕಲ್ಲಿನಲ್ಲಿ ನಿಲ್ಲುವುದಿಲ್ಲ. ಬೀಳುವ ಮನುಷ್ಯ ಜಗ್ಗಿದರೆ ಕೆಂಪು ಪುಡಿಯ ಜೊತೆ ಕಿತ್ತು ಬರುತ್ತದೆ. ಗೋಡೆ ತೆರೆದಿರುವಾಗಲೇ ಕಂಬಿ ಬರುವ ಜಾಗದಲ್ಲಿ ಕಾಂಕ್ರೀಟಿನ ತುಂಡು ಕೂರಿಸಿಕೊಳ್ಳಿ, ಇಲ್ಲವೇ ಕೆಮಿಕಲ್ ಆಂಕರ್ (ರಾಳದ ಅಂಟಿನಿಂದ ತೂತಿನಲ್ಲಿ ಹಿಡಿಸುವ ಬೋಲ್ಟು) ಬಳಸಲು ಹೇಳಿ. ಬಾಗಿಲನ್ನು ಎರಡೂವರೆ ಅಡಿಯಿಂದ ಮೂರಡಿಗೆ ಅಗಲಿಸುವುದಾದರೂ ಈಗಲೇ ಸಮಯ.

ಬಿಸಿನೀರಿಗೆ ಯಾವುದು

ನಮ್ಮ ಬಾವಿ ನೀರೇ ಸುಮಾರು 27 ಡಿಗ್ರಿ ಇರುತ್ತದೆ. ಆದ್ದರಿಂದ 25 ಲೀಟರಿನ ಗೀಸರ್ ಹೆಚ್ಚಿನ ಮನೆಗಳಿಗೆ ಅನಗತ್ಯ. 15 ಲೀಟರಿನ, 2 ಕಿಲೋವಾಟಿನ ಗೀಸರ್ 27ರಿಂದ 55 ಡಿಗ್ರಿಗೆ ಏರಲು ಸುಮಾರು 15 ನಿಮಿಷ, ಅರ್ಧ ಯೂನಿಟ್ ಕರೆಂಟು. ಅದನ್ನು ತಣ್ಣೀರಿಗೆ ಬೆರೆಸಿದರೆ ಸ್ನಾನದ ಹದದ ನೀರು 30 ಲೀಟರಿಗೂ ಹೆಚ್ಚು ಸಿಗುತ್ತದೆ. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಬೆಲೆಯಲ್ಲಿ ಅರ್ಧಕ್ಕೂ ಕಡಿಮೆ, ಬಕೆಟ್ ಸ್ನಾನಕ್ಕೆ ಸಾಕು, ಆದರೆ 3 ಕಿಲೋವಾಟ್ ಎಳೆಯುವುದರಿಂದ ಹಳೆಯ ವಯರಿಂಗಿಗೆ ಹೊರೆ. ಯಾವುದೇ ಆಗಲಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಗೀಸರ್ ಹಾಕಿಸಬೇಡಿ. ಒದ್ದೆ ಗೋಡೆಯ ಮಳೆಗಾಲದಲ್ಲಿ ಜೀವ ಉಳಿಸುವುದು ಅದು.

ಸೋಲಾರ್ ಅಕ್ಟೋಬರ್‌ನಿಂದ ಮೇವರೆಗೆ ಧಾರಾಳ ಬಿಸಿನೀರು ಕೊಡುತ್ತದೆ. ಬಿಸಿನೀರು ನಿಜಕ್ಕೂ ಬೇಕೆನಿಸುವ ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಮೋಡ ಕವಿದಿರುತ್ತದೆ. ಹಾಗಾಗಿ ನಾಲ್ಕೈದು ಮಂದಿಯ ಮನೆಗೆ ಸೋಲಾರ್ ಜೊತೆ ಸಣ್ಣ ಗೀಸರ್ ಒಳ್ಳೆಯ ಜೋಡಿ; ಇಬ್ಬರೇ ಇರುವ ಮನೆಗೆ ಸೋಲಾರಿನ ಬಂಡವಾಳ ಮರಳಲು ಬಹಳ ಕಾಲ ಹಿಡಿಯುತ್ತದೆ. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಎಂದಿಗೂ ಬೇಡ. ಮುಚ್ಚಿದ ಜಾಗದಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣ ತೆಗೆಯುತ್ತದೆ.

ಹಿತ್ತಿಲ ಬಚ್ಚಲು ಕೊಟ್ಟಿಗೆಯಲ್ಲಿ ತಾಮ್ರದ ಹಂಡೆಯೂ ಒಲೆಯೂ ಇನ್ನೂ ಇದ್ದು, ತೋಟದಲ್ಲಿ ತೆಂಗಿನ ಸಿಪ್ಪೆ, ಗರಟೆ, ಸೋಗೆ ಬಿದ್ದಿರುತ್ತದೆಂದಾದರೆ ಅದನ್ನು ಕೆಡವಲು ಅವಸರ ಮಾಡಬೇಡಿ. ಕೊಟ್ಟಿಗೆಯ ನೆಲವನ್ನು ಸರಿ ಮಾಡಿಸಿ, ಹೊಗೆಗಂಡಿ ಗುಡಿಸಿ ಇಟ್ಟುಕೊಂಡರೆ, ಕರೆಂಟು ಕೈಕೊಡುವ ಮಳೆಗಾಲದ ಬೆಳಗ್ಗೆಗಳಲ್ಲೂ ಮನೆಮಂದಿಗೆಲ್ಲ ಬಿಸಿನೀರು ತಪ್ಪುವುದಿಲ್ಲ.

ಬಾಗಿಲ ವಿಷಯ ಚಿಕ್ಕದು. ಮರದ ಬಾಗಿಲು ಜೂನ್ ತಿಂಗಳಿಗೆ ಉಬ್ಬಿ ಕೂರುತ್ತದೆ, ಬುಡ ಕೊಳೆಯುತ್ತದೆ. ಪಿವಿಸಿ ಅಗ್ಗ ಆದರೆ ಸಡಿಲ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬಾಗಿಲು ಮಧ್ಯಮ ಬೆಲೆಗೆ ಗಟ್ಟಿ. ದಾರಂದ (ಬಾಗಿಲ ಚೌಕಟ್ಟು) ಗ್ರಾನೈಟಿನದ್ದಾದರೆ ಗೆದ್ದಲಿನ ಚಿಂತೆಯೂ ಇಲ್ಲ.

ಯಾರಿಗೆ, ಹೇಗೆ, ಯಾವಾಗ

ಲಮ್ಸಮ್ ಕಾಂಟ್ರಾಕ್ಟಿನಲ್ಲಿ ಸಾಮಾನೂ ಕೂಲಿಯೂ ಅವರದ್ದೇ, ನಿಮಗೆ ಓಡಾಟವಿಲ್ಲ. ಊರಿಗೆ ರಜೆಗೆ ಬಂದು ಹೋಗುವ ಮುಂಬೈ, ಗಲ್ಫ್ ನೆಂಟರಿಗೆ ಇದು ಅನುಕೂಲ. ಆದರೆ ಪೈಪಿನ ದರ್ಜೆ, ಪದರದ ಕೋಟ್‌ಗಳ ಸಂಖ್ಯೆ ನಿಮ್ಮ ಕಣ್ತಪ್ಪಿ ಇಳಿಯುವುದೂ ಇದರಲ್ಲೇ. ಕೂಲಿ ಮಾತ್ರ ಕಾಂಟ್ರಾಕ್ಟಿನಲ್ಲಿ ಸಾಮಾನು ನೀವೇ ತರುತ್ತೀರಿ, ಬಿಲ್ಲು ವಾರಂಟಿ ನಿಮ್ಮ ಕೈಯಲ್ಲಿರುತ್ತದೆ, ದಿನವೂ ಒಬ್ಬರು ನಿಂತು ನೋಡಬೇಕು. ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಎರಡನೆಯದು. ಇಲ್ಲದಿದ್ದರೆ ಲಮ್ಸಮ್ ಸರಿ, ಆದರೆ ಅಂದಾಜು ಪಟ್ಟಿಯಲ್ಲಿ ಪ್ರತಿ ಸಾಮಾನಿನ ಕಂಪನಿ, ದರ್ಜೆ, ಅಳತೆ ಬರೆಸಿಕೊಳ್ಳಿ. ಬಿಸಿನೀರಿನ ಪೈಪಿಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್) ಎಂದೇ ಬರೆದಿರಬೇಕು. ಯುಪಿವಿಸಿ ತಣ್ಣೀರಿಗೆ ಮಾತ್ರ. ಯಾವ ಬಗೆಯಾದರೂ ಹಣವನ್ನು ಹಂತ ಹಂತವಾಗಿ ಕೊಡಿ, ಕೊನೆಯ ಹತ್ತು ಪರ್ಸೆಂಟನ್ನು ಟೈಲು ಹಾಕಿದ ಮೇಲಿನ ಎರಡನೇ ನೀರಿನ ಪರೀಕ್ಷೆ ಮುಗಿಯುವವರೆಗೆ ಹಿಡಿದಿಡಿ. ಟೈಲ್ಸಿಗೂ ಸ್ಯಾನಿಟರಿ ಸಾಮಾನಿಗೂ ಜಿಎಸ್‌ಟಿ 18 ಪರ್ಸೆಂಟ್. ಸಿಮೆಂಟಿಗೆ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಹಳೆಯ ಅಂದಾಜು ಪಟ್ಟಿ ಹಿಡಿದು ಬಂದವರಿಗೆ ಇದನ್ನು ನೆನಪಿಸಿ. ದರ ಕೇಳುವಾಗ ತೆರಿಗೆ ಸೇರಿಯೋ ಹೊರತೋ ಎಂದು ಮೊದಲೇ ಕೇಳಿ.

ಕಾಲದ ಆಯ್ಕೆಯಿಂದಲೂ ಹಣ ಉಳಿಯುತ್ತದೆ. ಪತ್ತನಾಜೆ (ಮೇ ಕೊನೆಯ ವಾರದ ತುಳು ಆಚರಣೆ) ಕಳೆದು ಮಳೆ ಹಿಡಿದ ಮೇಲೆ ಪ್ಲಾಸ್ಟರ್ ಒಣಗುವುದಿಲ್ಲ, ಒದ್ದೆ ಗೋಡೆಗೆ ಬಳಿದ ಪದರ ಹಿಡಿಯುವುದಿಲ್ಲ. ಏಪ್ರಿಲ್, ಮೇಯಲ್ಲಿ ಮದುವೆ, ಗೃಹಪ್ರವೇಶದ ಗಡಿಬಿಡಿಗೆ ಮೇಸ್ತ್ರಿ ಸಿಗುವುದಿಲ್ಲ, ಬಾವಿಯಲ್ಲಿ ಕ್ಯೂರಿಂಗಿಗೂ (ಸಿಮೆಂಟ್ ಗಟ್ಟಿಯಾಗಲು ನೀರುಣಿಸುವುದಕ್ಕೂ) ಪರೀಕ್ಷೆಗೂ ಬೇಕಾದಷ್ಟು ನೀರಿರುವುದಿಲ್ಲ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ ಫೆಬ್ರವರಿಯೊಳಗೆ ಮುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಹೊರರಾಜ್ಯದ ಟೈಲ್ಸ್ ಕೆಲಸದವರು ಹೋಳಿ ಹಬ್ಬಕ್ಕೆ ಊರಿಗೆ ಹೋಗುವ ಮೊದಲೇ ನಿಮ್ಮ ಕೆಲಸ ಮುಗಿದಿರುತ್ತದೆ.

ಗೋಡೆಯೊಳಗೆ ಪೈಪು, ವಯರು ಎಳೆದಾದ ಮೇಲೆ, ಪ್ಲಾಸ್ಟರಿಗೆ ಮೊದಲು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ನಾಲ್ಕೂ ಗೋಡೆಗಳ ಫೋಟೋ ತೆಗೆದಿಡಿ. ಮುಂದೆ ಕನ್ನಡಿಗೋ ಹಿಡಿಕಂಬಿಗೋ ತೂತು ಕೊರೆಯುವಾಗ ಪೈಪು ಎಲ್ಲಿದೆಯೆಂದು ಅದರಲ್ಲೇ ತಿಳಿಯುತ್ತದೆ. ನೆಲದ್ದೂ ಗೋಡೆಯದ್ದೂ ಒಂದೊಂದು ಬಾಕ್ಸ್ ಟೈಲ್ಸ್ ಹೆಚ್ಚು ತಂದು, ಬಾಕ್ಸಿನ ಮೇಲಿನ ಬ್ಯಾಚ್ ನಂಬರು ಕಾಣುವಂತೆ ಅಟ್ಟದಲ್ಲಿಡಿ. ಬ್ಯಾಚ್ ಬದಲಾದರೆ ಅದೇ ಹೆಸರಿನ ಟೈಲಿಗೂ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ.